ಕ್ರಿಸ್‌ಮಸ್‌ನ ಅರ್ಥ ಮತ್ತು ಅದನ್ನು ದಿನದಿನವೂ ಬಾಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಕ್ಷತ್ರ ತೂಗುಹಾಕುವುದು, ಕೇಕ್ ಹಂಚುವುದು, ರಾತ್ರಿ ಚರ್ಚಿಗೆ ಹೋಗುವುದು ಎಲ್ಲರಿಗೂ ಗೊತ್ತು. ಇದೆಲ್ಲ ಯಾಕೆ, ಜನವರಿಯಲ್ಲಿ ಇದರಲ್ಲಿ ಏನು ಉಳಿಯಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕಥೋಲಿಕರು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಇತರ ಪ್ರೊಟೆಸ್ಟೆಂಟ್ ಸಭೆಗಳವರು ಕೇಳುವುದೂ ಇದೆ, ಕ್ರೈಸ್ತರಲ್ಲದ ನೆರೆಹೊರೆಯವರು ಕೇಳುವುದೂ ಇದೆ.

ಕ್ರಿಸ್‌ಮಸ್ ಎಂದರೆ ಯೇಸುವಿನ ಹುಟ್ಟುಹಬ್ಬ, ಅಲ್ಲವೇ?

ಹೌದು. ಆದರೆ ಅಲ್ಲಿಗೇ ನಿಂತರೆ ಇದು ಮಹಾಪುರುಷರೊಬ್ಬರ ಜಯಂತಿಯಾಗಿ ಉಳಿಯುತ್ತದೆ. ಕ್ರೈಸ್ತರ ನಂಬಿಕೆ ಅದಕ್ಕಿಂತ ಬಹಳ ದೊಡ್ಡದು. ಲೋಕವನ್ನು ಉಂಟುಮಾಡಿದ ದೇವರೇ ಮನುಷ್ಯನಾಗಿ, ಹೆಣ್ಣೊಬ್ಬಳ ಮಗುವಾಗಿ ನಮ್ಮ ನಡುವೆ ವಾಸಕ್ಕೆ ಬಂದರು ಎಂಬುದೇ ಆ ನಂಬಿಕೆ. ಯೋಹಾನನ ಸುವಾರ್ತೆಯ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು) ಮೊದಲ ಅಧ್ಯಾಯದ 14ನೇ ವಚನ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. 325ರ ನಿಕೇಯ ಮಹಾಸಭೆ ಯೇಸು ತಂದೆಯಾದ ದೇವರಿಗೆ ಸಮಾನ ಎಂದು ಸಾರಿತು. 451ರ ಖಾಲ್ಸೆಡಾನ್ ಮಹಾಸಭೆ ಅವರು ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯರೂ ಹೌದು ಎಂದು ಸ್ಪಷ್ಟಪಡಿಸಿತು.

ಕಥೋಲಿಕರ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಇದಕ್ಕೊಂದು ಕುರುಹು ಇದೆ. ವಿಶ್ವಾಸ ಪ್ರಮಾಣ ಹೇಳುವಾಗ ದೇವರು ಮನುಷ್ಯರಾದರು ಎಂಬ ಮಾತು ಬಂದರೆ ಬೇರೆ ಭಾನುವಾರಗಳಲ್ಲಿ ತಲೆಬಾಗುತ್ತಾರೆ, ಕ್ರಿಸ್‌ಮಸ್ ದಿನ ಮೊಣಕಾಲೂರುತ್ತಾರೆ. ತುಂಬಿದ ಚರ್ಚಿನಲ್ಲಿ ಅನೇಕರು ಇದನ್ನು ಗಮನಿಸದೆ ನಿಂತೇ ಇರುತ್ತಾರೆ. ಈ ವರ್ಷ ಮಕ್ಕಳಿಗೆ ಮೊದಲೇ ಹೇಳಿಕೊಡಿ. ಹಬ್ಬದ ಅರ್ಥವೆಲ್ಲ ಆ ಒಂದು ಕ್ಷಣದಲ್ಲಿದೆ.

ಇದಕ್ಕೂ ಅವತಾರಕ್ಕೂ ಏನು ವ್ಯತ್ಯಾಸ?

ಕರ್ನಾಟಕದಲ್ಲಿ ಈ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಗೌರವದಿಂದಲೇ ಕೇಳುತ್ತಾರೆ, ಉತ್ತರವೂ ಹಾಗೇ ಇರಬೇಕು. ದೇವರು ಇಳಿದು ಬರುತ್ತಾರೆ ಎಂಬಲ್ಲಿ ಹೋಲಿಕೆ ಇದೆ. ವ್ಯತ್ಯಾಸ ಮುಖ್ಯವಾಗಿ ಮೂರು ಕಡೆ. ಒಂದು, ಕ್ರೈಸ್ತ ನಂಬಿಕೆಯಲ್ಲಿ ಇದು ಒಂದೇ ಸಲ ನಡೆದದ್ದು, ಯುಗಯುಗಕ್ಕೂ ಮರುಕಳಿಸುವುದಲ್ಲ. ಎರಡು, ಯೇಸು ತಾಳಿದ ಮನುಷ್ಯತ್ವ ವೇಷವಲ್ಲ. ಅವರಿಗೆ ಹಸಿವಾಯಿತು, ದಣಿದು ಬಾವಿಯ ಪಕ್ಕ ಕುಳಿತರು, ಗೆಳೆಯ ಲಾಜರನ ಸಮಾಧಿಯ ಬಳಿ ಅತ್ತರು, ಕೊನೆಗೆ ಸತ್ತರು. ಪುನರುತ್ಥಾನದ (ಸತ್ತು ಮರಳಿ ಎದ್ದುದರ) ನಂತರವೂ ಆ ದೇಹವನ್ನು ಬಿಟ್ಟುಬಿಡಲಿಲ್ಲ. ಮೂರು, ಅವರು ಬಂದದ್ದು ದುಷ್ಟರನ್ನು ಸಂಹರಿಸಲು ಅಲ್ಲ, ಪಾಪಿಗಳ ಜೊತೆ ಊಟಕ್ಕೆ ಕೂತು ಅವರನ್ನು ತಿರುಗಿ ಕರೆತರಲು. ನೆರೆಯವರು ಕೇಳಿದರೆ ಇಷ್ಟು ಹೇಳಿ. ಯಾವುದು ಮೇಲು ಎಂಬ ವಾದಕ್ಕೆ ಇಳಿಯಬೇಡಿ.

ಡಿಸೆಂಬರ್ 25ರಂದೇ ಯೇಸು ಹುಟ್ಟಿದರೇ?

ಬೈಬಲಿನಲ್ಲಿ ದಿನಾಂಕ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಆಚರಣೆಗೆ ಸಿಗುವ ಅತಿ ಹಳೆಯ ದಾಖಲೆ 336ರದ್ದು. ಆ ದಿನವನ್ನೇ ಯಾಕೆ ಆರಿಸಿಕೊಂಡರು ಎಂಬುದಕ್ಕೆ ವಿದ್ವಾಂಸರಲ್ಲಿ ಎರಡು ವಾದಗಳಿವೆ. ರೋಮನ್ನರ ಸೂರ್ಯದೇವನ ಹಬ್ಬದ ಜಾಗದಲ್ಲಿ ಇದು ಬಂತು ಎಂಬುದು ಒಂದು. ಯೇಸುವಿನ ತಾಯಿ ಮರಿಯಳಿಗೆ ದೇವದೂತನ ಸಂದೇಶ ಬಂದದ್ದು ಮಾರ್ಚ್ 25 ಎಂದು ಎಣಿಸಿ, ಅಲ್ಲಿಂದ 9 ತಿಂಗಳು ಲೆಕ್ಕ ಹಾಕಿದರು ಎಂಬುದು ಇನ್ನೊಂದು. ಅರ್ಮೇನಿಯನ್ ಸಭೆ ಇಂದಿಗೂ ಜನವರಿ 6ರಂದು ಆಚರಿಸುತ್ತದೆ. ಹಳೆಯ ಜೂಲಿಯನ್ ಪಂಚಾಂಗ ಹಿಡಿದಿರುವ ರಷ್ಯನ್ ಮೊದಲಾದ ಸಭೆಗಳಿಗೆ ಡಿಸೆಂಬರ್ 25 ಬರುವುದೇ ನಮ್ಮ ಜನವರಿ 7ರಂದು.

ವರ್ಷದ ವಿಷಯವೂ ಹೀಗೆಯೇ. ಕ್ರಿಸ್ತಶಕದ ಲೆಕ್ಕ ಆರಂಭಿಸಿದವನು 6ನೇ ಶತಮಾನದ ಡಯೊನೀಸಿಯಸ್ ಎಂಬ ಸನ್ಯಾಸಿ. ಯೇಸು ಹುಟ್ಟಿದಾಗ ಹೆರೋದ ರಾಜ ಬದುಕಿದ್ದ ಎನ್ನುತ್ತದೆ ಮತ್ತಾಯನ ಸುವಾರ್ತೆ. ಹೆಚ್ಚಿನ ಇತಿಹಾಸಕಾರರ ಪ್ರಕಾರ ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ. ಹಾಗಾಗಿ ಯೇಸುವಿನ ಜನನ ಅದಕ್ಕಿಂತ ಹಿಂದಿನದು. ನಂಬಿಕೆಗೆ ಇದರಿಂದ ಏನೂ ಕುಂದಿಲ್ಲ. ಹಬ್ಬ ನಿಂತಿರುವುದು ಬಂದವರು ಯಾರು ಎಂಬುದರ ಮೇಲೆ.

ಮೂವರು ರಾಜರು, ಎತ್ತು, ಕತ್ತೆ ಇವೆಲ್ಲ ಬೈಬಲಿನಲ್ಲಿವೆಯೇ?

ಯೇಸುವಿನ ಜನನದ ಕಥೆ ನಾಲ್ಕು ಸುವಾರ್ತೆಗಳಲ್ಲಿ ಎರಡರಲ್ಲಿ ಮಾತ್ರ ಇದೆ: ಮತ್ತಾಯ ಮತ್ತು ಲೂಕ. ಕುರುಬರು, ಗೋದಲಿ (ದನಕ್ಕೆ ಮೇವು ಹಾಕುವ ತೊಟ್ಟಿ), ದೇವದೂತರ ಹಾಡು ಲೂಕನಲ್ಲಿ. ನಕ್ಷತ್ರ, ಮೂಡಣ ದೇಶದ ಜೋಯಿಸರು (ಜನ ರಾಜರು ಎನ್ನುವುದು ಇವರನ್ನೇ), ಹೆರೋದನ ಕ್ರೌರ್ಯ, ಐಗುಪ್ತಕ್ಕೆ (ಈಜಿಪ್ಟಿಗೆ) ಓಡಿಹೋದದ್ದು ಮತ್ತಾಯನಲ್ಲಿ. ಜೋಯಿಸರು ಎಷ್ಟು ಮಂದಿ ಎಂದು ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಮೂರು ಕಾಣಿಕೆ ಇರುವುದರಿಂದ ಮೂವರು ಎಂದು ಬಂತು. ಅವರು ಮಗುವನ್ನು ಕಂಡದ್ದು ಮನೆಯೊಂದರಲ್ಲಿ. ಹೆರೋದ ಎರಡು ವರ್ಷದೊಳಗಿನ ಮಕ್ಕಳನ್ನು ಕೊಲ್ಲಿಸಿದ ಎಂಬುದನ್ನು ನೋಡಿದರೆ, ಅವರು ಹುಟ್ಟಿದ ರಾತ್ರಿಯೇ ಬಂದವರಲ್ಲ. ಎತ್ತು ಕತ್ತೆಗಳು ಲೂಕನಲ್ಲಿ ಇಲ್ಲ, ಯೆಶಾಯನ ಪ್ರವಾದನೆಯ 1:3ರಿಂದ (1ನೇ ಅಧ್ಯಾಯದ 3ನೇ ವಚನ) ಚಿತ್ರಕಾರರು ತಂದವು.

ಲೂಕನಲ್ಲಿ ಇದ್ದೂ ಜನ ಕಾಣದೆ ಹೋಗುವ ವಚನ ಒಂದಿದೆ, 2:24. ಮಗುವನ್ನು ದೇವಾಲಯಕ್ಕೆ ಒಯ್ದಾಗ ಮರಿಯ ಮತ್ತು ಯೋಸೇಫ ಕೊಟ್ಟದ್ದು ಜೋಡಿ ಹಕ್ಕಿಯ ಬಲಿ. ಯಾಜಕಕಾಂಡ 12:8 ತೆಗೆದು ನೋಡಿ: ಕುರಿಮರಿ ತರಲು ಶಕ್ತಿ ಇಲ್ಲದವಳು ಎರಡು ಹಕ್ಕಿ ತರಬಹುದು ಎಂದಿದೆ. ಅಂದರೆ ಇದು ಕುರಿಮರಿ ಕೊಳ್ಳಲಾಗದ ಸಂಸಾರ. ಗೋದಲಿಯ ಬಡತನ ಆ ಒಂದು ರಾತ್ರಿಯ ಅನನುಕೂಲವಲ್ಲ, ಅವರ ದಿನನಿತ್ಯದ ಸ್ಥಿತಿ.

ಸರಿ, ಇದರಿಂದ ನನ್ನ ಬದುಕಿನಲ್ಲಿ ಏನು ಬದಲಾಗಬೇಕು?

ದೇವರು ದೂರದಿಂದ ಸಹಾಯ ಕಳುಹಿಸಲಿಲ್ಲ, ತಾವೇ ಬಂದರು. ನಿಮ್ಮ ಆಚರಣೆಗೂ ಇದೇ ಅಳತೆ. ಹಣ ಕಳುಹಿಸುವುದಕ್ಕಿಂತ ಹೋಗಿ ಕಾಣುವುದು, ಮೆಸೇಜ್ ಫಾರ್ವರ್ಡ್ ಮಾಡುವುದಕ್ಕಿಂತ ಫೋನ್ ಮಾಡುವುದು, ಫೋನ್ ಮಾಡುವುದಕ್ಕಿಂತ ಬಾಗಿಲು ತಟ್ಟುವುದು ಕ್ರಿಸ್‌ಮಸ್‌ಗೆ ಹತ್ತಿರ. ಯೇಸುವಿನ ಪ್ರೇಷಿತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ 2:5ರಿಂದ 8 ಓದಿ. ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡ ಎಂದು ಹೇಳುವ ಮೊದಲು ಪೌಲನು, ನಿಮ್ಮಲ್ಲೂ ಇದೇ ಮನಸ್ಸಿರಲಿ ಎನ್ನುತ್ತಾನೆ. ಮುಂದಿನ ಉತ್ತರಗಳೆಲ್ಲ ಆ ಮಾತಿನಿಂದಲೇ ಹೊರಟವು.

ಆಗಮನ ಕಾಲವನ್ನು ಮನೆಯಲ್ಲಿ ಹೇಗೆ ಆಚರಿಸುವುದು?

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯೇ ಆಗಮನ ಕಾಲ. ಕನಿಷ್ಠ 22 ದಿನ, ಗರಿಷ್ಠ 28 ದಿನ. ಮನೆಯಲ್ಲಿ ಸುಲಭವಾಗಿ ಮಾಡಬಹುದಾದದ್ದು ನಾಲ್ಕು ಮೇಣದಬತ್ತಿಯ ವೃತ್ತ: ಮೂರು ನೇರಳೆ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ. ಕೆಲವರು ನಡುವೆ ಐದನೆಯದಾಗಿ ಬಿಳಿ ಬತ್ತಿ ಇಟ್ಟು ಕ್ರಿಸ್‌ಮಸ್ ದಿನ ಹಚ್ಚುತ್ತಾರೆ. ನೇರಳೆ ಬತ್ತಿ ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ಬಣ್ಣದ ರಿಬ್ಬನ್ ಕಟ್ಟಿದರೂ ಸಾಕು.

ಬತ್ತಿ ಕೊಳ್ಳುವಾಗ ಲೆಕ್ಕ ಇರಲಿ. ದಿನಕ್ಕೆ 15 ನಿಮಿಷ ಉರಿಸಿದರೆ, 28 ದಿನದ ವರ್ಷದಲ್ಲಿ ಮೊದಲ ಬತ್ತಿ 7 ಗಂಟೆ ಉರಿಯುತ್ತದೆ, ಎರಡನೆಯದು ಸುಮಾರು 5 ಗಂಟೆ, ಮೂರನೆಯದು ಮೂರೂವರೆ, ನಾಲ್ಕನೆಯದು ಎರಡು ಗಂಟೆಗೂ ಕಡಿಮೆ. ತೆಳ್ಳಗಿನ ಬತ್ತಿ ಇಟ್ಟರೆ ಎರಡನೇ ವಾರಕ್ಕೇ ಮುಗಿದು, ಅಲ್ಲಿಗೆ ಪ್ರಾರ್ಥನೆಯೂ ನಿಲ್ಲುತ್ತದೆ. ಹೆಚ್ಚಿನ ಮನೆಗಳಲ್ಲಿ ಇದು ಕೈಬಿಟ್ಟು ಹೋಗುವುದು ಇಂಥ ಸಣ್ಣ ಕಾರಣಕ್ಕೆ. ಮೊದಲ ಬತ್ತಿಗಾದರೂ ದಪ್ಪನೆಯದನ್ನು ಆರಿಸಿ. ಸುತ್ತಲೂ ಸರ್ವೆ ಮರದ ಟೊಂಗೆ ಅಥವಾ ಕ್ರೋಟನ್ ಎಲೆ ಇಡಬಹುದು, ಆದರೆ ಒಣಗಿದ ಸರ್ವೆ ಎಲೆಗೆ ಬೆಂಕಿ ಬೇಗ ತಗಲುತ್ತದೆ. ಎಲೆಯನ್ನು ವಾರಕ್ಕೊಮ್ಮೆ ಬದಲಿಸಿ, ಬತ್ತಿಗಳನ್ನು ಮರಳು ತುಂಬಿದ ಮಣ್ಣಿನ ಬಟ್ಟಲಲ್ಲಿ ನಿಲ್ಲಿಸಿ, ಫ್ಯಾನ್ ಕೆಳಗೆ ಇಡಬೇಡಿ.

15 ನಿಮಿಷದಲ್ಲಿ ಏನು ಮಾಡುವುದು? ಬತ್ತಿ ಹಚ್ಚಿ (ಕಿರಿಯ ಮಗುವಿಗೆ ಈ ಕೆಲಸ ಕೊಡಿ, ಕೈ ಹಿಡಿದುಕೊಳ್ಳಿ), ಒಂದು ವಾಚನ ಓದಿ, ಎರಡು ನಿಮಿಷ ಸುಮ್ಮನಿದ್ದು, ಒಬ್ಬೊಬ್ಬರೂ ಒಂದು ಹೆಸರು ಹೇಳಿ ಆ ವ್ಯಕ್ತಿಗಾಗಿ ಬೇಡಿಕೊಳ್ಳಿ, ಒಂದು ಹಾಡು. ಉಪದೇಶ ಬೇಡ. ಅಪ್ಪನೋ ಅಮ್ಮನೋ ಉಪದೇಶಕ್ಕೆ ತೊಡಗಿದ ಮನೆಯಲ್ಲಿ ಹದಿಹರೆಯದ ಮಕ್ಕಳು ಮೂರನೇ ದಿನಕ್ಕೆ ತಪ್ಪಿಸಿಕೊಳ್ಳುತ್ತಾರೆ.

ಯಾವ ವಾಚನ ಓದುವುದು? ಬೈಬಲ್ ಓದುವ ಅಭ್ಯಾಸವೇ ಇಲ್ಲ.

ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದಿದರೆ 24ಕ್ಕೆ ಸರಿಯಾಗಿ ಮುಗಿಯುತ್ತದೆ. ಎಡವುವುದು ಸಾಮಾನ್ಯವಾಗಿ ಮೊದಲ ದಿನವೇ, ಯಾಕೆಂದರೆ ಮೊದಲ ಅಧ್ಯಾಯದಲ್ಲಿ 80 ವಚನಗಳಿವೆ, ಇಡೀ ಪುಸ್ತಕದಲ್ಲಿ ಅದೇ ಉದ್ದ. ಅದನ್ನು ನವೆಂಬರ್ 30 ಮತ್ತು ಡಿಸೆಂಬರ್ 1ಕ್ಕೆ ಹಂಚಿಕೊಳ್ಳಿ, 38ನೇ ವಚನದಲ್ಲಿ ನಿಲ್ಲಿಸಿ. ಮೂರನೇ ಅಧ್ಯಾಯದ ಕೊನೆಯ ವಂಶಾವಳಿಯನ್ನು ಮಕ್ಕಳೊಂದಿಗೆ ಓದುವಾಗ ಬಿಡಬಹುದು. ಒಂದು ದಿನ ತಪ್ಪಿದರೆ ಮರುದಿನ ಎರಡು ಅಧ್ಯಾಯ ಓದಲು ಹೋಗಬೇಡಿ. ತಪ್ಪಿದ್ದನ್ನು ಬಿಟ್ಟು ಆ ದಿನದ್ದನ್ನೇ ಓದಿ. ಬಾಕಿ ಬೆಳೆಯುತ್ತ ಹೋದರೆ ಓದು ನಿಂತೇ ಹೋಗುತ್ತದೆ.

ಜನನದ ಕಥೆ ಎರಡನೇ ದಿನವೇ ಬಂದುಬಿಡುತ್ತದಲ್ಲ, 24ರಂದು ಓದುವುದು ಪುನರುತ್ಥಾನವಲ್ಲವೇ ಎಂದು ಕೇಳುವವರಿದ್ದಾರೆ. ಇದರ ಚೆಲುವೇ ಅದು. ಗೋದಲಿಯ ಮಗು ಮುಂದೆ ಏನು ಹೇಳಿತು, ಯಾರ ಜೊತೆ ಊಟ ಮಾಡಿತು, ಹೇಗೆ ಸತ್ತು ಎದ್ದಿತು ಎಂಬುದೆಲ್ಲ ತಿಳಿದ ಮೇಲೆ ಹಬ್ಬದ ರಾತ್ರಿ ಮತ್ತೆ 2:1ರಿಂದ 20 ಓದಿ. ಅದೇ ವಚನಗಳು ಬೇರೆಯಾಗಿ ಕೇಳಿಸುತ್ತವೆ.

ಗೋದಲಿ ಕಟ್ಟುವುದರಲ್ಲಿ ಭಕ್ತಿ ಎಷ್ಟು, ಅಲಂಕಾರ ಎಷ್ಟು?

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು, ನಿಜವಾದ ಎತ್ತು, ಕತ್ತೆ ತರಿಸಿ ಯೇಸು ಹುಟ್ಟಿದ ಬೆತ್ಲೆಹೇಮನ್ನು ಜನರ ಕಣ್ಣೆದುರು ನಿಲ್ಲಿಸಿದರು. ಕೂಸು ಎಂಥ ಕಷ್ಟದಲ್ಲಿ ಮಲಗಿತ್ತು ಎಂದು ಜನ ಕಣ್ಣಾರೆ ಕಾಣಲಿ ಎಂಬುದು ಅವರ ಆಸೆ. ಈ ಉದ್ದೇಶ ನೆನಪಿದ್ದರೆ ಗೋದಲಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತದೆ. ಕಾರಂಜಿ, ರೈಲು, ಬಣ್ಣದ ಬಲ್ಬುಗಳ ನಡುವೆ ಮಗುವನ್ನು ಹುಡುಕಬೇಕಾಗಿ ಬಂದರೆ ಏನೋ ಹೆಚ್ಚಾಗಿದೆ ಎಂದರ್ಥ.

ಮನೆಯ ಗೋದಲಿಗೆ ಎರಡು ಅಡಿ ಜಾಗ ಸಾಕು. ಹಸಿರಿಗೆ ರಾಗಿ ಒಳ್ಳೆಯದು. ಒಂದು ರಾತ್ರಿ ನೆನೆಸಿ, ಅಗಲ ತಟ್ಟೆಯಲ್ಲಿ ಅರ್ಧ ಇಂಚು ಮಣ್ಣಿನ ಮೇಲೆ ಒತ್ತಾಗಿ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿ. ಡಿಸೆಂಬರ್ 12 ಅಥವಾ 13ಕ್ಕೆ ಬಿತ್ತಿದರೆ ಹಬ್ಬಕ್ಕೆ ಗೋದಲಿಯ ಸುತ್ತ ಇಡುವಷ್ಟು ಪೈರು ಬರುತ್ತದೆ. ನೀರು ಚಿಮುಕಿಸಬೇಕು, ಸುರಿಯಬಾರದು. ನೀರು ನಿಂತರೆ ಬೂಷ್ಟು ಹಿಡಿದು ಮೊಳಕೆ ಕೊಳೆಯುತ್ತದೆ. ಭತ್ತದ ಹುಲ್ಲಿಗೆ ಬಲ್ಬಿನ ಬಿಸಿ ತಾಗದಂತೆ ಎಲ್‌ಇಡಿ ಸರ ಮಾತ್ರ ಹಾಕಿ, ಮಲಗುವ ಮುನ್ನ ಪ್ಲಗ್ ಕೀಳಿ.

ಬಾಲಯೇಸುವಿನ ಪ್ರತಿಮೆಯನ್ನು 24ರ ರಾತ್ರಿಯವರೆಗೆ ಇಡಬೇಡಿ, ಗೋದಲಿ ಖಾಲಿಯೇ ಇರಲಿ. ಜೋಯಿಸರ ಗೊಂಬೆಗಳನ್ನು ಮನೆಯ ಇನ್ನೊಂದು ಮೂಲೆಯಲ್ಲಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರೆ ಮಕ್ಕಳಿಗೆ ಕಥೆಯ ಕಾಲಕ್ರಮ ತಿಳಿಯುತ್ತದೆ. ಅವರು ತಲುಪುವುದು ಜನವರಿ 6ಕ್ಕೆ. ಇನ್ನೊಂದು ಹಳೆಯ ರೂಢಿ: ಯಾರಿಗೂ ತಿಳಿಯದಂತೆ ಒಂದು ಒಳ್ಳೆಯ ಕೆಲಸ ಮಾಡಿದವರು ಖಾಲಿ ಗೋದಲಿಗೆ ಒಂದು ಹುಲ್ಲಿನ ಎಸಳು ಹಾಕುವುದು. ಇದು ಕೆಡುವುದು ಎಣಿಕೆಯಿಂದ. ಯಾರು ಎಷ್ಟು ಹಾಕಿದರು ಎಂದು ಅಣ್ಣತಂಗಿಯರು ಲೆಕ್ಕ ಹಿಡಿದರೆ ಪೈಪೋಟಿಯಾಗುತ್ತದೆ. ಏನು ಮಾಡಿದೆ ಎಂದು ಹೇಳಬಾರದು, ದೊಡ್ಡವರೂ ಹಾಕಬೇಕು, ಈ ಎರಡು ನಿಯಮ ಸಾಕು.

ಹಬ್ಬದ ಖರ್ಚು ಕೈಮೀರುತ್ತದೆ. ಏನು ಮಾಡುವುದು?

ಸಾಲ ಮಾಡಿ ಕ್ರಿಸ್‌ಮಸ್ ಮಾಡಬೇಡಿ. ಮಗು ಗೋದಲಿಯಲ್ಲಿ ಮಲಗಿದ್ದ ಹಬ್ಬಕ್ಕೆ ಬಡ್ಡಿ ಕಟ್ಟುವುದು ಹಬ್ಬದ ಅರ್ಥಕ್ಕೇ ವಿರುದ್ಧ. ನವೆಂಬರ್ ಕೊನೆಯ ವಾರ ಮನೆಯವರೆಲ್ಲ ಕೂತು ಒಟ್ಟು ಮೊತ್ತ ಒಂದನ್ನು ಬರೆಯಿರಿ. ಅದರಲ್ಲಿ ಬಡವರ ಪಾಲನ್ನು ಮೊದಲು ತೆಗೆದಿಡಿ, ಉಳಿದದ್ದರಲ್ಲಿ ಬಟ್ಟೆ, ಊಟ, ಪ್ರಯಾಣ. 10,000 ರೂಪಾಯಿ ಎಂದಿಟ್ಟುಕೊಂಡರೆ 1,000 ರೂಪಾಯಿ ಕವರಿಗೆ ಹಾಕಿ ಬೈಬಲಿನಲ್ಲಿಡಿ. ಕೊನೆಗೆ ಉಳಿದರೆ ಕೊಡೋಣ ಎಂದುಕೊಂಡರೆ ಯಾವತ್ತೂ ಉಳಿಯುವುದಿಲ್ಲ. ಖರ್ಚು ಹೆಚ್ಚುವುದು ಮುಖ್ಯವಾಗಿ 20ನೇ ತಾರೀಕಿನ ನಂತರದ ಗಡಿಬಿಡಿ ಖರೀದಿಯಿಂದ, ಇನ್ನೊಬ್ಬರ ಮನೆಯ ಅಲಂಕಾರ ನೋಡಿ ಬಂದ ಮೇಲೆ. ಮಕ್ಕಳ ಮುಂದೆ ಮೊತ್ತ ಮುಚ್ಚಿಡಬೇಡಿ. ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ.

ಕೊಡುವುದು ಯಾರಿಗೆ, ಹೇಗೆ?

ಡಿಸೆಂಬರ್ ಮೂರನೇ ವಾರದಲ್ಲಿ ಅನಾಥಾಶ್ರಮ, ವೃದ್ಧಾಶ್ರಮಗಳಿಗೆ ಕೇಕಿನ ಮೇಲೆ ಕೇಕ್ ಬರುತ್ತದೆ. ಫೆಬ್ರುವರಿಯಲ್ಲಿ ಯಾರೂ ಬರುವುದಿಲ್ಲ. ಆದ್ದರಿಂದ ಮೊದಲು ಫೋನ್ ಮಾಡಿ ಏನು ಬೇಕು ಎಂದು ಕೇಳಿ. ಹೆಚ್ಚಾಗಿ ಸಿಗುವ ಉತ್ತರ ವಯಸ್ಕರ ಡಯಾಪರ್, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಅಕ್ಕಿ, ಸೋಪು, ಇಲ್ಲವೇ ಆಸ್ಪತ್ರೆಗೆ ಕರೆದೊಯ್ಯಲು ಒಂದು ದಿನ ಜೊತೆಗೆ ಬರುವವರು. ಕೊಡುವುದನ್ನು ಎರಡು ಪಾಲು ಮಾಡಿ, ಒಂದನ್ನು ಹಬ್ಬಕ್ಕೆ, ಇನ್ನೊಂದನ್ನು ಫೆಬ್ರುವರಿಗೆ ಎಂದು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಕೊಡುವಾಗ ಫೋಟೊ ಬೇಡ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದವರು ಯೇಸುವೇ (ಮತ್ತಾಯ 6:3). ಹಳೆ ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹಾಕಿ, ನಿಮ್ಮ ಮಗುವಿಗೇ ತೊಡಿಸುವ ಸ್ಥಿತಿಯಲ್ಲಿದ್ದರೆ ಮಾತ್ರ. ಮನೆಗೆಲಸದವರಿಗೆ, ಕಾವಲುಗಾರರಿಗೆ ಉಡುಗೊರೆ ಕೊಡುವ ಮೊದಲು ಬಾಕಿ ಸಂಬಳ ಇದ್ದರೆ ಅದನ್ನು ಕೊಡಿ. ಕೂಲಿ ಅವರ ಹಕ್ಕು, ಉಡುಗೊರೆ ಅದರ ಮೇಲೆ.

ಕ್ರೈಸ್ತರಲ್ಲದ ನೆರೆಯವರಿಗೆ ತಿಂಡಿ ಕೊಡುವಾಗ ಏನು ಗಮನಿಸಬೇಕು?

ಕರಾವಳಿಯ ಕುಸ್ವಾರಿನಲ್ಲಿ (ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿಗಳು) ಎಲ್ಲವೂ ಎಲ್ಲರಿಗೂ ಆಗುವುದಿಲ್ಲ. ಕೇಕಿನಲ್ಲಿ ಮೊಟ್ಟೆ, ಹಲವು ಸಲ ರಮ್ ಇರುತ್ತದೆ. ರೋಸ್ ಕುಕ್ಕೀಸ್ ಮತ್ತು ಕಿಡಿಯೊ ಹಿಟ್ಟಿಗೂ ಅನೇಕರು ಮೊಟ್ಟೆ ಹಾಕುತ್ತಾರೆ. ಮೊಟ್ಟೆ ತಿನ್ನದ ಮನೆಗೆ ನೆವ್ರಿ, ಗುಳಿಯೊ, ಚಕ್ಕುಲಿ ಬೇರೆ ಡಬ್ಬಿಯಲ್ಲಿ ಕೊಡಿ, ಮಾಂಸ ಕರಿದ ಎಣ್ಣೆಯಲ್ಲಿ ಅವನ್ನು ಕರಿಯಬೇಡಿ, ಮತ್ತು ಕೊಡುವಾಗ ಬಾಯಿಬಿಟ್ಟು ಹೇಳಿ. ಹಸಿ ಕಾಯಿತುರಿಯ ನೆವ್ರಿ ಬೇಗ ಕೆಡುತ್ತದೆ. ತುರಿಯ ಪಸೆ ಆರುವವರೆಗೆ ಸಣ್ಣ ಉರಿಯಲ್ಲಿ ಹುರಿದರೆ ಹೆಚ್ಚು ದಿನ ನಿಲ್ಲುತ್ತದೆ. ಮುಸ್ಲಿಂ ನೆರೆಯವರಿಗೆ ರಮ್ ಇಲ್ಲದ ಕೇಕ್.

ಇದು ನಯನಾಜೂಕು ಮಾತ್ರ ಅಲ್ಲ. ಇನ್ನೊಬ್ಬರು ಏನು ತಿನ್ನುತ್ತಾರೆ ಎಂದು ತಿಳಿದುಕೊಳ್ಳುವುದೇ ಅವರ ಹತ್ತಿರ ಹೋಗುವ ಮೊದಲ ಹೆಜ್ಜೆ. ತಟ್ಟೆ ಬಾಗಿಲಲ್ಲೇ ಕೊಟ್ಟು ಓಡಬೇಡಿ, ಕರೆದರೆ ಒಳಗೆ ಹೋಗಿ ಕೂತು ಬನ್ನಿ. ಅವರ ಹಬ್ಬಕ್ಕೆ ಅವರು ತಂದುಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳಿ.

ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಹಬ್ಬಕ್ಕೆ ಸರಿಮಾಡಿಕೊಳ್ಳುವುದು ಹೇಗೆ?

ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡಿಕೋ ಎಂದಿದೆ (ಮತ್ತಾಯ 5:23-24). ಇದನ್ನು 24ರ ಸಂಜೆಗೆ ಇಟ್ಟುಕೊಳ್ಳಬೇಡಿ. ಎಲ್ಲರೂ ದಣಿದಿರುತ್ತಾರೆ, ಮನೆ ತುಂಬ ನೆಂಟರಿರುತ್ತಾರೆ, ಹಳೆಯದೆಲ್ಲ ಮೇಲೆ ಬರುತ್ತದೆ. ಡಿಸೆಂಬರ್ ಮೊದಲ ಎರಡು ವಾರದಲ್ಲಿ ಒಬ್ಬರೇ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಆಗುವ ಕೆಲಸವಲ್ಲ ಇದು. ನಿಮ್ಮ ತಪ್ಪಿನ ಭಾಗವನ್ನು ಮಾತ್ರ ಹೇಳಿ, "ಆದರೆ ನೀನೂ" ಎಂಬ ಮಾತು ಬಾಯಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆಸ್ತಿಯ ಜಗಳವಾದರೆ ಆ ದಿನ ದಸ್ತಾವೇಜಿನ ಮಾತು ಎತ್ತಬೇಡಿ. ಅದಕ್ಕೆ ಬೇರೆ ದಿನ, ಇಬ್ಬರೂ ಒಪ್ಪುವ ಮೂರನೆಯವರು ಬೇಕು. ಅವರು ಬಾಗಿಲು ತೆರೆಯದಿದ್ದರೆ ಜಗಳವಾಡದೆ ಬನ್ನಿ. ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಎಂದು ಪೌಲನೂ ಮಿತಿ ಹಾಕಿಯೇ ಹೇಳಿದ್ದಾನೆ (ರೋಮಾಪುರದವರಿಗೆ 12:18).

ಒಂದು ಎಚ್ಚರ. ಹೊಡೆತ, ಬೆದರಿಕೆ, ಲೈಂಗಿಕ ಹಿಂಸೆ ಇದ್ದ ಕಡೆಗೆ ಕ್ಷಮೆಯ ಹೆಸರಿನಲ್ಲಿ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು. ಮಗುವಿನ ಜೀವಕ್ಕೆ ಅಪಾಯ ಬಂದಾಗ ಯೋಸೇಫನು ರಾತ್ರಿಯಲ್ಲೇ ಎದ್ದು ಕುಟುಂಬವನ್ನು ಐಗುಪ್ತಕ್ಕೆ ಕರೆದೊಯ್ದ. ಅದೂ ದೇವರ ಮಾತಿನಂತೆಯೇ.

ಕೆಲಸದ ಜಾಗದಲ್ಲಿ ಕ್ರಿಸ್‌ಮಸ್ ಬಾಳುವುದು ಎಂದರೆ?

ಲೂಕ 3:10ರಿಂದ 14 ಓದಿ. ನಾವೇನು ಮಾಡಬೇಕು ಎಂದು ಜನ ಕೇಳಿದಾಗ ಯೇಸುವಿಗೆ ಮುನ್ನ ಬಂದ ಪ್ರವಾದಿ ಸ್ನಾನಿಕ ಯೋಹಾನ ಯಾರಿಗೂ ಉದ್ಯೋಗ ಬಿಡು ಎನ್ನಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಹೆದರಿಸಿ ಕಿತ್ತುಕೊಳ್ಳದೆ ಸಂಬಳದಲ್ಲಿ ತೃಪ್ತರಾಗಿರಲಿ. ಇದನ್ನೇ ಇಂದಿಗೆ ಇಳಿಸಿದರೆ: ತಕ್ಕಡಿಯಲ್ಲಿ ಮೋಸ ಬೇಡ, ಕಡತ ಮುಂದಕ್ಕೆ ಸರಿಸಲು ಕೈಚಾಚುವುದು ಬೇಡ, ಕೆಳಗಿನವರ ರಜೆ ತಡೆದು ಮೇಲಿನವರನ್ನು ಮೆಚ್ಚಿಸುವುದು ಬೇಡ. ಆಗಮನ ಕಾಲದಲ್ಲಿ ಇದರಲ್ಲಿ ಒಂದನ್ನಷ್ಟೇ ಹಿಡಿದು ಈಸ್ಟರ್‌ವರೆಗೆ ಪಾಲಿಸಿ. ಹತ್ತನ್ನು ಹಿಡಿದವರ ಕೈಯಲ್ಲಿ ಹೆಚ್ಚಾಗಿ ಯಾವುದೂ ಉಳಿಯುವುದಿಲ್ಲ.

ದಿನವೂ ಕ್ರಿಸ್‌ಮಸ್ ನೆನೆಯಲು ಸಣ್ಣ ಪ್ರಾರ್ಥನೆ ಇದೆಯೇ?

ಇದೆ, ಅದೂ ಬಹಳ ಹಳೆಯದು. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ಕ್ಕೆ ಕಥೋಲಿಕ ಚರ್ಚುಗಳಲ್ಲಿ ಗಂಟೆ ಹೊಡೆಯುವುದು ಆಂಜೆಲುಸ್ ಪ್ರಾರ್ಥನೆಗೆ. ದೇವದೂತನು ಮರಿಯಳಿಗೆ ಸಂದೇಶ ತಂದದ್ದು, ಆಕೆ ಒಪ್ಪಿದ್ದು, ದೇವರು ಮನುಷ್ಯರಾಗಿ ನಮ್ಮ ನಡುವೆ ವಾಸಿಸಿದ್ದು ಎಂಬ ಮೂರು ಮಾತು, ಪ್ರತಿಯೊಂದರ ನಂತರ ಒಂದು ನಮೋ ಮರಿಯ ಪ್ರಾರ್ಥನೆ, ಕೊನೆಗೆ ಒಂದು ಬಿನ್ನಹ. ಒಟ್ಟು ಎರಡು ಮೂರು ನಿಮಿಷ. ವರ್ಷದ ಹೆಚ್ಚಿನ ದಿನಗಳಲ್ಲಿ, ದಿನಕ್ಕೆ ಮೂರು ಸಲ, ಕ್ರಿಸ್‌ಮಸ್‌ನ ವಿಷಯವೇ. ಮೂರೂ ಆಗದಿದ್ದರೆ ಮಧ್ಯಾಹ್ನದ್ದನ್ನು ಹಿಡಿಯಿರಿ, ಊಟದ ಡಬ್ಬಿ ತೆರೆಯುವ ಮೊದಲು.

ಪ್ರೊಟೆಸ್ಟೆಂಟ್ ಮನೆಗಳಲ್ಲಿ ಇದೇ ಕೆಲಸವನ್ನು ಮರಿಯಳ ಹಾಡು ಮಾಡಬಲ್ಲದು (ಲೂಕ 1:46-55). ಹತ್ತು ವಚನ, ಬಾಯಿಪಾಠ ಮಾಡಲು ಎರಡು ವಾರ ಸಾಕು. ಬಲಿಷ್ಠರನ್ನು ಆಸನದಿಂದ ಇಳಿಸಿ ದೀನರನ್ನು ಎತ್ತಿದ, ಹಸಿದವರನ್ನು ತೃಪ್ತಿಪಡಿಸಿದ ದೇವರನ್ನು ದಿನವೂ ಹಾಡಿದರೆ ಹಸಿದವರನ್ನು ದಾಟಿ ಹೋಗುವುದು ಕಷ್ಟವಾಗುತ್ತದೆ. ರಾತ್ರಿ ಮಲಗುವಾಗ ಒಂದು ಪ್ರಶ್ನೆ ಸೇರಿಸಿಕೊಳ್ಳಿ: ಇವತ್ತು ಯಾರ ಹತ್ತಿರ ಹೋಗಬೇಕಿತ್ತು, ಹೋದೆನೇ?

ಮನೆಯಲ್ಲಿ ಸಾವಾಗಿದೆ. ಹಬ್ಬ ಮಾಡಬಹುದೇ?

ಮಾಡಬಹುದು, ಮಾಡದೆಯೂ ಇರಬಹುದು. ದುಃಖದ ವರ್ಷ ಅನೇಕ ಮನೆಗಳಲ್ಲಿ ನಕ್ಷತ್ರ ಹಾಕುವುದಿಲ್ಲ, ಕುಸ್ವಾರ್ ಮಾಡುವುದಿಲ್ಲ. ಅದು ನಂಬಿಕೆಯ ಕೊರತೆಯಲ್ಲ. ಆರಾಧನೆಗೆ ಮಾತ್ರ ಹೋಗಿ, ನಡುವೆ ಅಳು ಬಂದರೆ ಹೊರಗೆ ಬರಲು ಆಗುವಂತೆ ಕೊನೆಯ ಸಾಲಿನಲ್ಲಿ ಕೂರಿ. ಕ್ರಿಸ್‌ಮಸ್ ಕಥೆಯಲ್ಲೇ ಕಣ್ಣೀರಿದೆ. ಹೆರೋದ ಕೊಲ್ಲಿಸಿದ ಮಕ್ಕಳನ್ನು ಸಭೆ ಡಿಸೆಂಬರ್ 28ರಂದು, ಹಬ್ಬ ಮುಗಿದ ಮೂರೇ ದಿನಕ್ಕೆ ನೆನೆಯುತ್ತದೆ. ದೇವಾಲಯದಲ್ಲಿ ಮಗುವನ್ನು ಎತ್ತಿಕೊಂಡ ಭಕ್ತ ಸಿಮೆಯೋನನು ಮರಿಯಳಿಗೆ, ನಿನ್ನ ಹೃದಯಕ್ಕೆ ಅಲಗು ನಾಟುತ್ತದೆ ಎಂದದ್ದು ಮಗು ಇನ್ನೂ ಕೈಯಲ್ಲಿದ್ದಾಗಲೇ.

ನೆರೆಯವರ ಕೆಲಸ ಇದಕ್ಕಿಂತ ಸ್ಪಷ್ಟ. ಅಂಥ ಮನೆಗೆ 25ರ ಮಧ್ಯಾಹ್ನದ ಊಟ ಕೊಂಡೊಯ್ಯಿರಿ, ತೀರಿಕೊಂಡವರ ಹೆಸರು ಹೇಳಿ ಮಾತಾಡಿ. ಹೆಸರೆತ್ತಿದರೆ ನೋವಾಗುತ್ತದೆ ಎಂದು ಎಲ್ಲರೂ ಸುಮ್ಮನಾದರೆ ಆ ಮನೆಯವರಿಗೆ ಇನ್ನೂ ಒಂಟಿಯೆನಿಸುತ್ತದೆ.

ಸಾಂತಾಕ್ಲಾಸ್ ಬೇಕೇ ಬೇಡವೇ?

ಆತನ ಮೂಲ ಇಂದಿನ ತುರ್ಕಿಯ ಮೈರಾದಲ್ಲಿ 4ನೇ ಶತಮಾನದಲ್ಲಿದ್ದ ಬಿಷಪ್ ಸಂತ ನಿಕೊಲಾಸ್. ಮದುವೆಗೆ ಹಣವಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಯಾರಿಗೂ ಕಾಣದಂತೆ ಚಿನ್ನ ಹಾಕಿ ಹೋದರು ಎಂಬುದು ಪರಂಪರೆ. ಅವರ ಹಬ್ಬ ಡಿಸೆಂಬರ್ 6. ಆ ದಿನ ಮಕ್ಕಳ ಕೈಯಲ್ಲೇ ಗುಟ್ಟಾಗಿ ಒಂದು ಮನೆಗೆ ದಿನಸಿ ಇಡಿಸಿ ಬನ್ನಿ. ಕೆಂಪು ಅಂಗಿಯವರ ಬಗ್ಗೆ ಜಗಳ ಬೇಡ, ಆದರೆ ಅವರು ಗೋದಲಿಯ ಮುಂದೆ ನಿಂತು ಅದನ್ನು ಮರೆಮಾಡದಿರಲಿ.

25ರಂದು ನನಗೆ ಡ್ಯೂಟಿ ಇದೆ, ಅಥವಾ ರಜೆಯೇ ಇಲ್ಲದ ದೇಶದಲ್ಲಿದ್ದೇನೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಡಿಸೆಂಬರ್ 25 ಸರ್ಕಾರಿ ರಜೆಯಲ್ಲ. ಅಲ್ಲಿರುವ ನಮ್ಮವರೂ, ಇಲ್ಲಿ ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸುಗಳೂ ಇದೇ ಸ್ಥಿತಿಯಲ್ಲಿರುತ್ತಾರೆ. ಸುದ್ದಿ ಮೊದಲು ತಲುಪಿದ್ದು ರಾತ್ರಿ ಪಾಳಿಯಲ್ಲಿದ್ದ ಕುರುಬರಿಗೆ ಎಂಬುದನ್ನು ಮರೆಯಬೇಡಿ. ಕಥೋಲಿಕರಿಗೆ ಕ್ರಿಸ್‌ಮಸ್‌ಗೆ ನಾಲ್ಕು ಬಲಿಪೂಜೆಗಳ ಪಠ್ಯವಿದೆ: ಮುನ್ನಾದಿನ ಸಂಜೆ, ರಾತ್ರಿ, ಮುಂಜಾನೆ, ಹಗಲು. ಪಾಳಿಗೆ ಹೊಂದುವ ಒಂದನ್ನು ಆರಿಸಿಕೊಳ್ಳಿ. ಎಲ್ಲವೂ ತಪ್ಪಿದರೆ ಲೂಕ 2:1-20ನ್ನು ನೀವೇ ಓದಿಕೊಳ್ಳಿ, ಮತ್ತು ಆ ಪಾಳಿಯಲ್ಲಿ ಜೊತೆಗಿರುವವರಲ್ಲಿ ಯಾರೂ ಒಬ್ಬರೇ ಊಟ ಮಾಡದಂತೆ ನೋಡಿಕೊಳ್ಳಿ.

ಹಬ್ಬ ಯಾವಾಗ ಮುಗಿಯುತ್ತದೆ? ಗೋದಲಿ ಯಾವಾಗ ತೆಗೆಯುವುದು?

ಅಂಗಡಿಗಳಲ್ಲಿ 25ಕ್ಕೆ ಮುಗಿಯುವುದು ಚರ್ಚಿನಲ್ಲಿ 25ಕ್ಕೆ ಶುರುವಾಗುತ್ತದೆ. 26 ಮೊದಲ ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವ) ಸ್ತೆಫನನ ದಿನ. ಜನವರಿ 6 ಜೋಯಿಸರ ಹಬ್ಬ. ಹಲವೆಡೆ ಅದನ್ನು ಹತ್ತಿರದ ಭಾನುವಾರಕ್ಕೆ ತರುತ್ತಾರೆ. ಕಥೋಲಿಕರಲ್ಲಿ ಅದರ ನಂತರ ಬರುವ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಕ್ರಿಸ್‌ಮಸ್ ಕಾಲ. ಅಲ್ಲಿಯವರೆಗೆ ಗೋದಲಿ ಇರಲಿ. ತೆಗೆಯುವಾಗ ಪ್ರತಿಮೆಗಳನ್ನು ಒಂದೊಂದಾಗಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪತ್ರಿಕೆ ಕಾಗದದ ಶಾಯಿ ಸುಣ್ಣದ ಗೊಂಬೆಗೆ ಹತ್ತುತ್ತದೆ. ಹುಲ್ಲನ್ನು ದನಕ್ಕೆ ಹಾಕುವುದಾದರೆ ಅದರಲ್ಲಿ ಜರಿ, ಥರ್ಮೊಕೋಲ್ ಚೂರು ಸೇರಿಲ್ಲ ಎಂದು ನೋಡಿ.

ಮುಂದಿನ ಆಗಮನ ಕಾಲ ಯಾವಾಗ ಆರಂಭ?

ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ. 2026ರಲ್ಲಿ ನವೆಂಬರ್ 29, 2027ರಲ್ಲಿ ನವೆಂಬರ್ 28, 2028ರಲ್ಲಿ ಡಿಸೆಂಬರ್ 3. 2028ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24 ಆಗುವುದರಿಂದ ಕೊನೆಯ ವಾರ ಒಂದೇ ದಿನದ್ದು. ಆ ವರ್ಷ ಬೆಳಿಗ್ಗೆ ಆಗಮನ ಭಾನುವಾರದ ಆರಾಧನೆ, ಅದೇ ಸಂಜೆ ಅಥವಾ ರಾತ್ರಿ ಕ್ರಿಸ್‌ಮಸ್ ಆರಾಧನೆ ಇರುತ್ತದೆ. ಒಂದಕ್ಕೆ ಬಂದರೆ ಎರಡೂ ಆಯಿತು ಎಂದು ತಿಳಿಯಬೇಡಿ. ಅಡುಗೆಯ ಕೆಲಸವನ್ನು ಶನಿವಾರಕ್ಕೇ ಮುಗಿಸಿಕೊಳ್ಳಿ.